ನನಗೊಬ್ಬಳಿಗೇ ಅಂದುಕೊಂಡ ಸಮುದ್ರ

"ಚೀಲಕ್ಕ ಕೈ ಹಚ್ಚಬ್ಯಾಡ್ರಿ."

ಹೈದರಾಬಾದಿನ ಬೇಗಂಪೇಟೆಯ ಟ್ರಾವೆಲ್ಸ್ ಆಫೀಸಿನ ಮುಂದೆ ಶೈಲಾ ಅವನಿಗೆ ಹೇಳಿದ ಮೊದಲ ಮಾತು ಇದು. ಪ್ರೇಮಕಥೆಗೆ ಇನ್ನೂ ಚೆಂದದ ಎಂಟ್ರಿ ಡೈಲಾಗ್ ಬೇಕಿತ್ತು, ಗೊತ್ತು. ಏನು ಮಾಡುವುದು... ಹುಡುಗಿ ಸಿಟ್ಟಿನಲ್ಲಿದ್ದಳು.

ಕೈ ಹಚ್ಚಿದವನು ಗುರುಬಸವ. ಪ್ರವಾಸದ ಮೇಲ್ವಿಚಾರಕ. ಶೈಲಾಳ ತಾಯಿ ಉಮಾಬಾಯಿಯ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿಯನ್ನು ಹೊರಗೆ ತೆಗೆದು, ಬಾಂಬ್ ಸಿಕ್ಕವನ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಡಗಿನಲ್ಲಿ ಮನೆಯ ಅಡುಗೆ ಬಿಡುವುದಿಲ್ಲವಂತೆ. ಚೆನ್ನೈ ಬಂದರಿನಲ್ಲಿ ತೆಗೆದು ಕಸಕ್ಕೆ ಹಾಕುತ್ತಾರಂತೆ.

"ಹಂಗಾದ್ರ ನಮ್ಮವ್ವ ಏನ್ ತಿನ್ನಬೇಕ್ರಿ?"

"ನಾ ನೋಡ್ಕೋತೀನಿ."

ಶೈಲಾ ತಲೆಯೆತ್ತಿದಳು. ಸಿನಿಮಾ ಆಗಿದ್ದರೆ ಈಗ ದುಪಟ್ಟಾ ಹಾರಿ ಹೀರೋನ ಮುಖದ ಮೇಲೆ ಬೀಳಬೇಕು. ಆದರೆ ಬೇಗಂಪೇಟೆಯಲ್ಲಿ ಅಂದು ಗಾಳಿಯೇ ಇರಲಿಲ್ಲ. ಬಸ್ಸಿನ ಡ್ರೈವರ್ "ಜಲ್ದಿ ಕರೋ ಭಾಯ್" ಎಂದು ಹಾರ್ನ್ ಒತ್ತಿದ. ಅದೇ ಹಿನ್ನೆಲೆ ಸಂಗೀತ.

ಅಪ್ಪ ಹೋದ ಮೇಲೆ 'ನಾ ನೋಡ್ಕೋತೀನಿ' ಎಂದು ಆ ಮನೆಗೆ ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಶೈಲಾಳೇ ನೋಡಿಕೊಳ್ಳುತ್ತಿದ್ದಳು. ತಾರ್ನಾಕದ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ತೆಗೆಯುವ ಕೆಲಸ, ಸಂಜೆ ತರಕಾರಿ, ಆಮೇಲೆ ಗೋಡೆ ನೋಡುತ್ತ ಕೂರುವ ಅವ್ವ. ಅವ್ವ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಹೈದರಾಬಾದಿನ ಕನ್ನಡ ಮನೆಗಳ ಹಿರಿಯರೆಲ್ಲ ಸೇರಿ ಶ್ರೀಲಂಕಾಕ್ಕೆ ಕ್ರೂಸ್ ಹೊರಟಿದ್ದಾರೆ ಎಂದು ಕೇಳಿ, ಒತ್ತಾಯ ಮಾಡಿ ಅವ್ವನ ಹೆಸರು ಬರೆಸಿದ್ದಳು.

ಕ್ರೂಸ್ ಎಂದಾಗ ಹಿರಿಯರು ಮೊದಲು ಮೂಗು ಮುರಿದಿದ್ದರಂತೆ. ಹಡಗು ನಿಂತ ಪ್ರತಿ ದಂಡೆಯಲ್ಲೂ ಇಳಿಸಿ ಒಂದೊಂದು ಗುಡಿ ತೋರಿಸುತ್ತೇನೆ ಎಂದು ಗುರುಬಸವ ಮಾತು ಕೊಟ್ಟ. ತಕ್ಷಣ ಕ್ರೂಸ್ ಹೋಗಿ ತೀರ್ಥಯಾತ್ರೆ ಆಯಿತು. ಹುಡುಗ ಚಾಲಾಕಿ.

ಬಸ್ಸು ಹೊರಡುವ ಮೊದಲು ಅವನು ಅವಳ ನಂಬರು ಕೇಳಿದ. "ನನ್ನ ನಂಬರ್ ಸೇವ್ ಮಾಡ್ಕೋರಿ, ದಿನಾ ಸುದ್ದಿ ಕಳಸ್ತೀನಿ" ಎಂದ.

ಅವನು ಹಾಗೆ ಬೇರೆ ಯಾರನ್ನು ಕೇಳಿದ, ಯಾರನ್ನು ಕೇಳಲಿಲ್ಲ ಎಂದು ಅವಳು ನೋಡಲಿಲ್ಲ. ಡಬ್ಬಿ ಎದೆಗವಚಿಕೊಂಡು ಮೆಟ್ರೋ ಮೆಟ್ಟಿಲು ಹತ್ತುತ್ತಿದ್ದಳು. ಕಾರಣವಿಲ್ಲದೆ ನಗು ಬರುತ್ತಿತ್ತು.

ಮೊದಲ ಸುದ್ದಿ ಚೆನ್ನೈಯಿಂದ ಬಂತು. 'ಹಡಗು ಹತ್ತಿದ್ವಿ. ನಿಮ್ಮವರು ಕಿಟಕಿ ಹಂತ್ಯಾಕ ಕುಂತು ಚಹಾ ಕುಡ್ಯಾಕತ್ತಾರ. ಚಿಂತಿ ಬಿಡ್ರಿ. ನಿಮ್ಮದು ಊಟ ಆತೇನ್ರಿ?'

ಕೊನೆಯ ಸಾಲನ್ನು ಶೈಲಾ ಮತ್ತೆ ಮತ್ತೆ ಓದಿದಳು.

'ಆತು' ಎಂದು ಬರೆದಳು. ಆಗಿರಲಿಲ್ಲ. ಹಾಗಾಗಿ ಎದ್ದು ಹೋಗಿ ಊಟ ಮಾಡಿದಳು. ಅವನಿಗೆ ಸುಳ್ಳು ಹೇಳಿದಂತಾಗಬಾರದಲ್ಲ...

ಮರುದಿನ ಬರೀ ನೀರು, ದಂಡೆಯೇ ಇಲ್ಲ. ಅವ್ವನಿಗೆ ತಲೆ ತಿರುಗುತ್ತಿದೆಯೇ ಎಂದು ಶೈಲಾ ಕೇಳಿದಳು. ಹಡಗಿನಲ್ಲಿ ನೆಟ್ ಸಿಗುವುದೇ ಕಷ್ಟ, ಉತ್ತರ ತಡವಾಗಿ ಬಂತು. 'ತಲಿ ಯಾರಿಗೂ ತಿರುಗಿಲ್ಲ. ನಂಗೊಬ್ಬಂಗ ಸ್ವಲ್ಪ ತಿರಗಾಕತ್ತೈತಿ. ಯಾಕಂತ ಗೊತ್ತಿಲ್ಲ.'

ಅಯ್ಯೋ. ನನಗೆ ಗೊತ್ತು ಯಾಕೆಂದು... ಶೈಲಾ ದಿಂಬಿಗೆ ಮುಖ ಒತ್ತಿದಳು.

ಮೂರನೆಯ ದಿನ ಹಿರಿಯರನ್ನು ಶ್ರೀಲಂಕಾದ ಹಂಬನ್‌ತೋಟದಲ್ಲಿ ಇಳಿಸಿ, ಬಸ್ಸಿನಲ್ಲಿ ಕತರಗಾಮದ ಗುಡಿಗೆ ಕರೆದುಕೊಂಡು ಹೋದನಂತೆ. ಅಲ್ಲಿ ತೆಂಗಿನಕಾಯಿಯ ಮೇಲೆ ಕರ್ಪೂರ ಹಚ್ಚಿ, ಬೇಡಿಕೊಂಡು, ಬಂಡೆಗೆ ಅಪ್ಪಳಿಸಬೇಕು. 'ನಾನೂ ಒಡದೆ. ಏನ್ ಬೇಡ್ಕೊಂಡೆ ಅಂತ ಮಾತ್ರ ಕೇಳಬ್ಯಾಡ್ರಿ' ಎಂದು ಬರೆದಿದ್ದ.

ಅವಳು ಕೇಳಲಿಲ್ಲ. ಬದಲಿಗೆ, ತಾನು ಯಾರಿಗೂ ಹೇಳದಿದ್ದ ಒಂದು ಮಾತನ್ನು ಅವನಿಗೆ ಬರೆದಳು.

ಅಪ್ಪ ಅವ್ವನಿಗೆ ಸಮುದ್ರ ತೋರಿಸುತ್ತೇನೆ ಎಂದು ಹೇಳುತ್ತಲೇ ಇದ್ದವನು. ತೋರಿಸಲಿಲ್ಲ. ಪ್ರತಿಸಲವೂ ಅವಳನ್ನು ಊರೊಳಗಿನ ಕೆರೆ ಹುಸೇನ್ ಸಾಗರದ ಕಟ್ಟೆಯ ಮೇಲೆ ಕೂರಿಸಿ, 'ಇದ ನಮ್ಮ ಸಮುದ್ರ. ನೀ ಬಾಜೂಕ ಇದ್ರ ನನಗಿಷ್ಟ ಸಾಕು' ಎನ್ನುತ್ತಿದ್ದ. ಅವನು ಹೋದ ಮೇಲೆ ಅವ್ವ ಆ ರಸ್ತೆಗೇ ಕಾಲಿಟ್ಟಿಲ್ಲ. ಈ ಮಾತನ್ನು ಅವ್ವ ಒಮ್ಮೆ ಮಾತ್ರ, ಕತ್ತಲೆಯಲ್ಲಿ, ಮಗಳಿಗೆ ಹೇಳಿದ್ದಳು.

ಇಷ್ಟೆಲ್ಲ ಬರೆದು ಕೊನೆಗೆ, 'ನಮ್ಮವ್ವ ಎಲ್ಲಿಯಾದ್ರೂ ನಕ್ಕರ ಒಂದು ಫೋಟೋ ಕಳಸ್ರಿ' ಎಂದು ಸೇರಿಸಿದಳು.

ಕಳಿಸಿದ ಮೇಲೆ ಎದೆ ಹಗುರವಾಯಿತು. ಒಬ್ಬರಿಗೆ ಹೇಳಿಕೊಳ್ಳುವುದೆಂದರೆ ಹೀಗಿರುತ್ತದೆಯೇ?

ಮರುದಿನ ಹಡಗು ತ್ರಿಂಕೋಮಲಿ ತಲುಪಿತು. ಬೆಳಿಗ್ಗೆಯೇ ಅವನ ಸುದ್ದಿ ಬಂದಿತ್ತು. ಶೈಲಾ ಅದನ್ನು ತೆರೆಯಲಿಲ್ಲ. ಒಬ್ಬಳೇ ಕೂತು, ನಿಧಾನವಾಗಿ ಓದಬೇಕೆಂದು ಉಳಿಸಿಕೊಂಡಳು. ಕೆಲಸದ ನಡುವೆ ಆಗಾಗ ಫೋನ್ ತೆಗೆದು, ಬಂದಿದೆ ಎಂಬುದನ್ನಷ್ಟೇ ನೋಡಿ ಒಳಗಿಡುತ್ತಿದ್ದಳು. ಹಬ್ಬದ ಹೋಳಿಗೆಯನ್ನು ಕೊನೆಗೆ ತಿನ್ನುವವರ ಹಾಗೆ.

ಅಂದು ಶ್ರಾವಣ ಸೋಮವಾರ. ಸಂಜೆ ಪಕ್ಕದ ಬೀದಿಯ ಸಾವಿತ್ರಿಬಾಯಿಯ ಮನೆಯಲ್ಲಿ ಭಜನೆ. ಆಕೆಯ ಗಂಡ ಅಮರೇಶಪ್ಪನೂ ಅದೇ ಹಡಗಿನಲ್ಲಿದ್ದ. ಮಂಗಳಾರತಿ ಮುಗಿದು ಪ್ರಸಾದ ಹಂಚುವಾಗ ಸಾವಿತ್ರಿಬಾಯಿ ಕನ್ನಡಕ ಏರಿಸಿ ಫೋನ್ ತೆಗೆದಳು. ಆ ಟೂರಿನ ಹುಡುಗ ಏನು ಬರೆಯುತ್ತಾನೆ ಗೊತ್ತೇ, ಇವತ್ತಿನದನ್ನು ಓದಿ ನಾನು ಅತ್ತೇಬಿಟ್ಟೆ ಎಂದಳು. ಎಲ್ಲರಿಗೂ ಕೇಳುವಂತೆ ಓದಿದಳು.

"ಹುಸೇನ್ ಸಾಗರದ ಕಟ್ಟಿ ಮ್ಯಾಲೆ ಕುಂತು, ಇದ ನಮ್ಮ ಸಮುದ್ರ, ನೀ ಬಾಜೂಕ ಇದ್ರ ನನಗಿಷ್ಟ ಸಾಕು, ಅಂದವರು ಇವತ್ತ ಇಲ್ಲಿರಬೇಕಿತ್ತು..."

ಶೈಲಾಳ ಕೈಯಲ್ಲಿದ್ದ ಪ್ರಸಾದ ಹಾಗೇ ನಿಂತಿತು.

ಅತ್ತೆಯನ್ನು ಅದೇ ಹಡಗಿಗೆ ಕಳಿಸಿ ಮೂಲೆಯಲ್ಲಿ ಕೂತಿದ್ದ ಸ್ನೇಹಲತಾ, ಈ ಸುದ್ದಿ ತನಗೂ ಬಂದಿದೆ ಎಂದಳು. ಬಾಗಿಲ ಬಳಿ ಕೂತಿದ್ದವರಿಗೂ ಬಂದಿತ್ತು. ಮೊನ್ನೆ ತಲೆ ತಿರುಗುತ್ತಿದೆ ಎಂದು ಬರೆದಿದ್ದನಲ್ಲ, ನಿಂಬೆಹಣ್ಣು ಮೂಸಿ ನೋಡಪ್ಪಾ ಎಂದು ಉತ್ತರ ಕೊಟ್ಟೆ ಎಂದು ಸಾವಿತ್ರಿಬಾಯಿ ಹೇಳಿದಾಗ ಎಲ್ಲರೂ ನಕ್ಕರು.

ಊಟ ಆಯಿತೇ ಎಂದು ಅವರನ್ನೂ ಕೇಳಿದ್ದನಂತೆ. ಎಲ್ಲರನ್ನೂ.

ಬ್ರಾಡ್‌ಕಾಸ್ಟ್. ಒಮ್ಮೆ ಬರೆದರೆ ಎಲ್ಲ ಮನೆಗೂ ಹೋಗುತ್ತದೆ. ಆದರೆ ಪ್ರತಿಯೊಬ್ಬರ ಫೋನಿನಲ್ಲೂ ತಮಗೊಬ್ಬರಿಗೇ ಬಂದ ಹಾಗೆ ಕೂತಿರುತ್ತದೆ.

ಮೋಸ ಹೋದೆ ಎನ್ನಲೂ ಅವಳಿಗೆ ಹಕ್ಕಿರಲಿಲ್ಲ. ಅವನು ಪ್ರೀತಿಸುತ್ತೇನೆ ಎಂದಿರಲಿಲ್ಲ. ಊರಿಗೆಲ್ಲ ಕೇಳಿದ 'ಊಟ ಆತೇನ್ರಿ'ಯನ್ನು ತನ್ನದೆಂದು ಎತ್ತಿಕೊಂಡವಳು ಅವಳೇ. ಆ ನಾಚಿಕೆಯನ್ನು ನುಂಗಬಹುದಿತ್ತು, ಕಹಿ ಮಾತ್ರೆಯ ಹಾಗೆ.

ಆದರೆ ಅಪ್ಪನ ಮಾತು?

ಅದು ಎಲ್ಲರದಾಗಿರಲಿಲ್ಲ. ಅದು ಅವ್ವನ ಕತ್ತಲೆಯಲ್ಲಿದ್ದ ಮಾತು. ಈಗ ಅದನ್ನು ಪ್ರಸಾದದ ಜೊತೆ ಹಂಚುತ್ತಿದ್ದಾರೆ. ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಯಾರೋ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಿದ್ದಾರೆ.

ಮತ್ತೆ... ಅವ್ವ ವಾಪಸ್ ಬಂದ ಮೇಲೆ ಇದು ಅವಳ ಕಿವಿಗೂ ಬೀಳುತ್ತದೆ.

ತಲೆನೋವು ಎಂದು ಹೇಳಿ ಎದ್ದುಬಂದಳು. ಬೀದಿಯಲ್ಲೇ ನಿಂತು ಬರೆದಳು. 'ಅದು ನಮ್ಮಪ್ಪನ ಮಾತು. ನಿಮಗ ಹೇಳಿದ್ದೆ, ಊರಿಗಲ್ಲ. ಇನ್ನ ನನಗ ಯಾವ ಸುದ್ದೀನೂ ಬ್ಯಾಡ.'

ಕಳಿಸಿದಳು. ಬ್ಲಾಕ್ ಮಾಡಿದಳು. ಆಮೇಲೆ ಕಿರಾಣಿ ಅಂಗಡಿಯ ಮುಂದೆ, ಈರುಳ್ಳಿ ಚೀಲಗಳ ಪಕ್ಕದಲ್ಲಿ ನಿಂತು ಅತ್ತಳು. ಗ್ಲಿಸರಿನ್ ಬೇಕಾಗಲಿಲ್ಲ, ಈರುಳ್ಳಿಯೂ.

ಹಿರಿಯರು ವಾಪಸ್ ಬಂದ ಬೆಳಿಗ್ಗೆ ಬೇಗಂಪೇಟೆಯ ಆಫೀಸಿನ ಮುಂದೆ ಜಾತ್ರೆಯಷ್ಟು ಜನ. ಶೈಲಾ ದೂರದಲ್ಲಿ ನಿಂತಳು. ಗುರುಬಸವ ಇಳಿದವನೇ ಗುಂಪಿನಲ್ಲಿ ಅವಳನ್ನು ಹುಡುಕಿದ. ಅವಳು ಮುಖ ತಿರುಗಿಸಿದಳು.

ಅವಳು ಹೆದರಿದ್ದೇ ಆಯಿತು. ಸಾವಿತ್ರಿಬಾಯಿ ಗಂಡನ ಚೀಲವನ್ನೂ ಹಿಡಿಯದೆ ನೇರ ಗುರುಬಸವನ ಬಳಿ ಬಂದಳು. ಆ ಹುಸೇನ್ ಸಾಗರದ ಮಾತನ್ನು ನಾನು ಸಾಯುವತನಕ ಮರೆಯುವುದಿಲ್ಲ ಎಂದು, ಇಡೀ ಸಾಲನ್ನು ಎಲ್ಲರೆದುರು ಇನ್ನೊಮ್ಮೆ ಹೇಳಿದಳು.

ಬಸ್ಸಿನ ಮೆಟ್ಟಿಲ ಮೇಲೆ ಉಮಾಬಾಯಿ ನಿಂತುಬಿಟ್ಟಳು. ಒಂದು ಕಾಲು ಮೇಲೆ, ಒಂದು ಕೆಳಗೆ. ಅವಳ ಕಣ್ಣು ಗುರುಬಸವನನ್ನು ದಾಟಿ ಮಗಳ ಮೇಲೆ ಬಂದು ನಿಂತಿತು.

"ಅದು ನನ್ನ ಮಾತಲ್ರಿ, ಬಾಯಾರ" ಎಂದ ಗುರುಬಸವ. "ಬ್ಯಾರೆಯವರ ಮಾತು. ಕೇಳದ ತಗೊಂಡೆ. ತಪ್ಪು ಮಾಡೀನಿ. ನಿಮ್ಮ ಫೋನಿನ್ಯಾಗಿಂದ ತಗದು ಹಾಕ್ರಿ."

ಯಾರ ಮಾತು ಎಂದು ಹತ್ತು ಬಾಯಿಗಳು ಕೇಳಿದವು. ಆಫೀಸಿನ ಮಾಲೀಕ ಕೂಡ ಬಾಗಿಲಿಗೆ ಬಂದು ಕಣ್ಣು ಕೆಂಪು ಮಾಡಿದ. ಗುರುಬಸವ ತಲೆ ತಗ್ಗಿಸಿ ನಿಂತನೇ ಹೊರತು ಹೆಸರು ಹೇಳಲಿಲ್ಲ.

ಆಟೋದಲ್ಲಿ ತಾರ್ನಾಕದ ತನಕ ಅವ್ವ ರಸ್ತೆ ನೋಡುತ್ತ ಕೂತಳು. ಮನೆಗೆ ಬಂದು, ಕೈಕಾಲು ತೊಳೆದು, ದೇವರಿಗೆ ಕೈಮುಗಿದ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ನಾ ನಿನಗ ಹೇಳಿದ್ದೆ, ಶೈಲಾ. ನೀ ಅವಗ ಹೇಳಿದಿ. ಅವ ಊರಿಗೆ ಹೇಳಿದ."

ಇಷ್ಟು ದಿನ ಶೈಲಾ ಅವನಿಗೆ ಬೈದ ಒಂದೊಂದು ಬೈಗುಳವೂ ವಾಪಸ್ ಬಂದು ತನ್ನ ಬಾಗಿಲು ಬಡಿಯಿತು. ನಂಬಿ ಕೊಟ್ಟ ಮಾತನ್ನು ಮೊದಲು ಹೊರಗೆ ಬಿಟ್ಟವಳು ತಾನೇ ಅಲ್ಲವೇ?

"ಅವ್ವಾ, ನನ್ನ ಮ್ಯಾಲೆ ಸಿಟ್ಟೈತೇನು?"

"ಬಸ್ಸಿನ್ಯಾಗಿಂದ ಇಳಿಯೋವಾಗ ಭಾಳ ಇತ್ತು." ಉಮಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಟೋದಾಗ ವಿಚಾರ ಮಾಡಿದೆ. ಚೊಲೊ ಮನಷ್ಯಾ ಅನಿಸಿದ್ರ ಹೇಳಬೇಕನಸತೈತಿ. ನನಗ ನೀ ಅನಿಸಿದ್ದಿ. ನಿನಗ ಅವ ಅನಿಸ್ಯಾನ."

ಅವಳು ಇನ್ನೊಂದು ಸಂಗತಿಯನ್ನೂ ಹೇಳಿದಳು. ತ್ರಿಂಕೋಮಲಿಯ ಕೋಣೇಶ್ವರನ ಗುಡಿಯ ದಾರಿಯಲ್ಲಿ ಜಿಂಕೆಗಳು ಮನೆಯ ಆಕಳಿನ ಹಾಗೆ ತಿರುಗುತ್ತವಂತೆ. ಒಂದು ಬಂದು ಅಮರೇಶಪ್ಪನ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು, ಸಾಲದೆಂದು ಅವನ ಶಲ್ಯವನ್ನೂ ಜಗಿಯತೊಡಗಿತಂತೆ. ಹೇಳುತ್ತ ಹೇಳುತ್ತ ಉಮಾಬಾಯಿ ಬಾಯಿಗೆ ಸೆರಗು ಒತ್ತಿದಳು. ಭುಜ ಕುಣಿಯಿತು. ಅವ್ವ ನಗುತ್ತಿದ್ದಳು!

ಆ ಹೊತ್ತಿಗೆ ಗುರುಬಸವ ಫೋಟೋ ತೆಗೆದಿದ್ದನಂತೆ. ಇದನ್ನೂ ಊರಿಗೆ ಕಳಿಸುತ್ತೀಯೇನಪ್ಪಾ ಎಂದು ಅವ್ವ ಕೇಳಿದಾಗ, ಇಲ್ಲ, ಇದು ಒಬ್ಬರಿಗೆ ಮಾತ್ರ ಎಂದನಂತೆ. ಸಂಜೆ ಕಳಿಸಲು ನೋಡಿದ್ದ. ಶೈಲಾ ಬ್ಲಾಕ್ ಮಾಡಿದ್ದಳಲ್ಲ, ಹೋಗಲೇ ಇಲ್ಲ. ಆಮೇಲೆ ಜಾಫ್ನಾದ ನಲ್ಲೂರು ಗುಡಿಯಲ್ಲಿ ಎಲ್ಲರನ್ನೂ ದರ್ಶನಕ್ಕೆ ಬಿಟ್ಟು, ಹೊರಗೆ ಚಪ್ಪಲಿ ಕಾಯುವವರ ಜೊತೆ ಸುಮ್ಮನೆ ಕೂತಿದ್ದನಂತೆ.

ಕೆಲವು ದಿನ ಬಿಟ್ಟು ಗುರುಬಸವ ಶೈಲಾಳ ಆಸ್ಪತ್ರೆಗೆ ಬಂದ. ಟೋಕನ್ ತೆಗೆದುಕೊಂಡು, ಸಾಲಿನಲ್ಲಿ ಕೂತು, ಪೇಷಂಟ್ ಆಗಿಯೇ ಬಂದ. ಹೊರಗಿನ ಬೆಂಚಿನಲ್ಲಿ ಪೊರೆ ತೋರಿಸಲು ಬಂದ ಸಾವಿತ್ರಿಬಾಯಿಯೂ ಇದ್ದಳು. ಹೈದರಾಬಾದ್ ದೊಡ್ಡ ಊರು ಎಂದು ಯಾರು ಹೇಳಿದರೋ.

ಶೈಲಾ ಅವನ ಮೂಗಿನ ಮೇಲೆ ಪರೀಕ್ಷೆಯ ಕನ್ನಡಕದ ಭಾರದ ಚೌಕಟ್ಟು ಕೂರಿಸಿ, ಅವನ ಒಂದು ಕಣ್ಣು ಮುಚ್ಚಿದಳು. ಹೀರೋ ಈಗ ಹಳೆಯ ಕಾಲದ ವಿಲನ್ ಹಾಗೆ ಕಾಣುತ್ತಿದ್ದ.

"ಅಕ್ಷರ ಓದ್ರಿ."

"ಮೊದಲ ಮೂರು ದಿನದ್ದು ಎಲ್ಲಾರಿಗೂ ಬರದದ್ದು" ಎಂದ ಅವನು, ಗೋಡೆಯ ಕಡೆ ನೋಡುತ್ತಲೇ. "ಅದು ನನ್ನ ಕೆಲಸ. ಆಮ್ಯಾಲೆ ನೀವು ಬರದದ್ದು ಬಂತು. ಉತ್ತರ ಬರಿಯೋಣಂತ ಕುಂತು, ಬರದು ಬರದು ಅಳಿಸಿದೆ. ಒಬ್ಬರಿಗೆ ಬರಿಯೋ ಧೈರ್ಯ ಆಗಲಿಲ್ರಿ. ಅದಕ್ಕ ಎಲ್ಲಾರಿಗೂ ಕಳಿಸಿಬಿಟ್ಟೆ."

"ಧೈರ್ಯ ಇಲ್ಲಂದ್ರ ಸುಮ್ಮನಿರಬೇಕಿತ್ತು. ನಮ್ಮಪ್ಪನ ಮಾತು ಯಾಕ ತಗೊಂಡ್ರಿ?"

"ಅಷ್ಟು ಚೆಂದದ ಮಾತು ನನ್ನ ಹಂತ್ಯಾಕ ಇರಲಿಲ್ಲ. ಅದನ್ನ ಓದಿ, ನಿಮ್ಮ ಬಾಜೂಕ ಯಾರರ ಕುಂತಿರಬೇಕು ಅನಿಸ್ತು... ನಾನ ಅನಿಸ್ತು." ಅವನ ದನಿ ಸಣ್ಣದಾಯಿತು. "ಮಾಫಿ ಕೇಳಾಕ ಬಂದಿಲ್ಲ. ಮಾಫಿ ಕೊಟ್ರೂ ಆ ಮಾತು ವಾಪಸ್ ಬರಂಗಿಲ್ಲ. ಹೇಳಿ ಹೋಗಾಕ ಬಂದೀನಿ ಅಷ್ಟ."

ಅವನು ಕ್ಷಮೆ ಬೇಡಿದ್ದರೆ ಅವಳು ಬಾಗಿಲು ತೋರಿಸುತ್ತಿದ್ದಳು. ಬೇಡಲಿಲ್ಲ. ಅದೇ ತೊಂದರೆಯಾಯಿತು.

ಶೈಲಾ ಚೌಕಟ್ಟು ತೆಗೆದಳು. ಅವನ ಎರಡೂ ಕಣ್ಣು ಒದ್ದೆಯಾಗಿದ್ದವು. ಅವಳಿಗೆ ಸಿಟ್ಟು ಇನ್ನೂ ಇತ್ತು. ಸಿಟ್ಟಿನ ಪಕ್ಕದಲ್ಲೇ, ಜಾಗ ಮಾಡಿಕೊಂಡು, ಇನ್ನೇನೋ ಬಂದು ಕೂತಿತ್ತು.

"ಒಂದು ಮಾತು ಹೇಳ್ತೀನಿ" ಎಂದಳು. "ಇದನ್ನ ನಮ್ಮವ್ವಗೂ ಹೇಳಿಲ್ಲ."

ಅವಳು ಬಾಗಿ ಅವನ ಕಿವಿಯ ಬಳಿ ಹೇಳಿದಳು.

ಏನು ಹೇಳಿದಳು ಎಂದು ನನಗೆ ಗೊತ್ತು. ಕಥೆ ಹೇಳುವವನಿಗೆ ಎಲ್ಲವೂ ಗೊತ್ತಿರುತ್ತದೆ. ಆದರೆ ಅದು ಅವನೊಬ್ಬನಿಗೆ ಹೇಳಿದ ಮಾತು. ನೀವು ಕಾಮೆಂಟಿನಲ್ಲಿ ಎಷ್ಟೇ ಗೋಗರೆದರೂ ಹೇಳುವುದಿಲ್ಲ.

ಗುರುಬಸವ ಹೊರಗೆ ಬಂದಾಗ ಮುಖ ಬೇರೆಯೇ ಆಗಿತ್ತು. ಸಾವಿತ್ರಿಬಾಯಿ ತಕ್ಷಣ ಹಿಡಿದಳು. ಒಳಗೆ ಅಷ್ಟು ಹೊತ್ತು ಏನು ನಡೆಯಿತು, ಹುಡುಗಿ ಏನಂದಳು, ತನಗಾದರೂ ಹೇಳು ಎಂದು ದುಂಬಾಲು ಬಿದ್ದಳು. ಬಾಗಿಲ ಪರದೆಯ ಹಿಂದೆ ಶೈಲಾ ಕಿವಿಗೊಟ್ಟು ನಿಂತಿದ್ದಳು.

"ಹೇಳಂಗಿಲ್ರಿ, ಬಾಯಾರ."

"ನನಗೊಬ್ಬಾಕಿಗೆ ಹೇಳೋ."

"ನಿಮಗೂ ಇಲ್ರಿ."

ಪರದೆ ಸರಿಯಿತು. ಶೈಲಾ ಮುಂದಿನ ಟೋಕನ್ ಕರೆದಳು. ಆಮೇಲೆ ಮೆಟ್ಟಿಲ ಕಡೆ ಹೊರಟಿದ್ದವನನ್ನು ನೋಡಿದಳು.

"ನೀವು ಹೋಗಬ್ಯಾಡ್ರಿ. ಅಲ್ಲೇ ಕುಂದರ್ರಿ."

"ಎಲ್ಲಿತನಾ?"

"ನಾ ಬರೋತನಾ."

ಅವನು ಕೂತ.