ಮೊದಲ ಸಾಲಿನ ಕಂಬಳಿ

"ವಾಯರ್ ಕಿತ್ತವರು ಯಾರು?!"

ವೇದಿಕೆಯಿಂದ ಜಿಗಿದು ಬಂದ ಪಂಡರಿಯ ಕಣ್ಣು ಕೆಂಡವಾಗಿತ್ತು. ಹುಮನಾಬಾದಿನ ಕಾಲೇಜು ಮೈದಾನದಲ್ಲಿ, ಹಾಡಿನ ನಟ್ಟನಡುವೆ ಅವನ ಗಿಟಾರು ಮೂಕವಾಗಿತ್ತು. ಹುಡುಗರೆಲ್ಲ ಶಿಳ್ಳೆ ಹೊಡೆದು ನಗುತ್ತಿದ್ದರು.

"ನಾನೇ ಕಿತ್ತೀನಿ," ಎಂದಳು ಆಂಪ್ಲಿಫೈಯರ್ ಪಕ್ಕ ನಿಂತಿದ್ದ ಹುಡುಗಿ. "ಪೆಟ್ಟಿಗಿ ಹೊಗಿ ಬಿಡಾಕತ್ತದ, ಕಾಣಾಂಗಿಲ್ಲೇನ್ರಿ? ಇದು ಭಾಷಣದ ಸೆಟ್. ನಿಮ್ಮ ಗದ್ದಲಕ್ಕ ಸುಟ್ಟು ಹೋದ್ರ ನಮ್ಮಪ್ಪಗ ಏನು ಹೇಳ್ಲಿ?"

"ಗದ್ದಲ ಅಲ್ರಿ! ಇದಕ್ಕ ರಾಕ್ ಅಂತಾರ."

"ಏನರ ಅನ್ರಿ. ಸುಟ್ಟ ವಾಸನಿ ಮಾತ್ರ ಖರೆ."

ಡ್ರಮ್ಮಿನ ಹಿಂದೆ ಕುಳಿತಿದ್ದ ಅಜೀಮುದ್ದೀನ್ ಕಿಸಕ್ಕನೆ ನಕ್ಕ. ಪಂಡರಿಗೂ ನಗು ಬಂತು, ತಡೆದುಕೊಂಡ. ಅವಳೂ ತುಟಿ ಕಚ್ಚಿದಳು. ಅವಳ ಎದೆ ಮಾತ್ರ ಢವಢವ... ಜಗಳಕ್ಕೆ ಹೀಗೂ ಹೊಡೆದುಕೊಳ್ಳುತ್ತದಾ?

ಅದು ಎಂಬತ್ತೆರಡನೇ ಇಸವಿ. ಮಾಣಿಕನಗರದಲ್ಲಿ ಮಹಾರುದ್ರಪ್ಪನವರದು ಮೈಕ್ ಸೆಟ್ ಅಂಗಡಿ. ಮೊಣಕಾಲು ನೋವು ಹಿಡಿದು ಅವರು ಮನೆ ಸೇರಿದ ಮೇಲೆ ಅಂಗಡಿ ಈ ಹುಡುಗಿ, ಅವರ ಮಗಳು ಮಾಣಿಕಮ್ಮನ ಪಾಲಿಗೆ ಬಂತು. ಮದುವೆ, ಭಜನೆ, ಚುನಾವಣೆ... ಎಲ್ಲಿಗೆ ಸೆಟ್ ಹೋದರೂ ಹಿಂದೆ ಅವಳು.

ಪಂಡರಿ ದುಬಲಗುಂಡಿಯ ಕುರಿ ಕಾಯುವ ಮನೆಯವನು. ಹೈದರಾಬಾದಿನ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಗಿಟಾರು ಕಲಿತು, ಹಳೆಯದೊಂದನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದು, ಗೆಳೆಯರನ್ನು ಕೂಡಿಸಿ ಬ್ಯಾಂಡ್ ಕಟ್ಟಿದ್ದ. ಹೆಸರು 'ಗುಡುಗು'.

ಜಗಳವಾದ ವಾರದೊಳಗೇ ಅವನು ಅಂಗಡಿ ಬಾಗಿಲಲ್ಲಿ ನಿಂತ.

"ಸೆಟ್ ಸುಡದಂಗ ಹ್ಯಾಂಗ ಬಾರಿಸೋದು, ಜರ ಹೇಳಿ ಕೊಡ್ರಿ."

ಮಾಣಿಕಮ್ಮ ಈ ಸಲ ನಗು ತಡೆಯಲಿಲ್ಲ.

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅಭ್ಯಾಸ ಶುರುವಾಯಿತು. ದಿನ ಕಳೆದಂತೆ ಇಬ್ಬರ ಮಾತಿನಿಂದಲೂ 'ರಿ' ಉದುರಿಹೋಯಿತು.

"ಪಂಡರಿ, ಎಲ್ಲೆಲ್ಲಿಂದೋ ಹಾಡು ತಂದು ಹಾಡ್ತಿ. ನಿಮ್ಮ ಊರಿಂದು ಒಂದೂ ಇಲ್ಲಲ್ಲ?"

ಅವನು ಗಿಟಾರು ಎತ್ತಿಕೊಂಡು ಹೊರಟ. ಕೆಲವು ದಿನ ಬರಲೇ ಇಲ್ಲ. ಬಂದಾಗ ಹೊಸ ಹಾಡೊಂದಿತ್ತು. ಕುರಿ ದಾಟಿಸಲು ಹೆದ್ದಾರಿ ಬದಿಯಲ್ಲಿ ಕಾಯುತ್ತ ನಿಂತವನ ಹಾಡು.

'ಹಾದಿ ಮ್ಯಾಗ ಲಾರಿ ಹೋದ್ವು, ಹಾದಿ ಮಾತ್ರ ಹೋಗಲಿಲ್ಲ...'

ಬಸವಕಲ್ಯಾಣದಲ್ಲಿ ಅದನ್ನು ಹಾಡಿದ ಸಂಜೆ ಮಂದಿ ಎದ್ದು ನಿಂತರು. ಮೋರಖಂಡಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತರು ಕೂಡ ಮತ್ತೆ ಮತ್ತೆ ಅದನ್ನೇ ಕೇಳಿದರು. ಆಮೇಲೆ ಬೀದರ್, ಗುಲ್ಬರ್ಗಾ... ಗೋಡೆಗೋಡೆಗೂ 'ಗುಡುಗು'. ಎಲ್ಲ ಕಡೆ ಮಾಣಿಕಮ್ಮ ಪರದೆಯ ಹಿಂದೆ, ಪೆಟ್ಟಿಗೆಯ ಮೀಟರ್ ಮುಳ್ಳಿನ ಮೇಲೆ ಕಣ್ಣಿಟ್ಟು.

'ಇವನ ದನಿ ಹೊರಗ ಹೋಗೂಕಿಂತ ಮೊದಲು ನನ್ನ ಕೈಯಾಗ ಹಾದು ಹೋಗ್ತದ,' ಎಂದುಕೊಳ್ಳುತ್ತಿದ್ದಳು. ಅಷ್ಟೇ ಸಾಕೆನಿಸುತ್ತಿತ್ತು.

ಹೈದರಾಬಾದಿನಿಂದ ಕರೆ ಬಂತು! ದೊಡ್ಡ ಹಾಲ್, ದೊಡ್ಡ ಮಂದಿ. ಹೊರಡುವ ದಿನ ಪಂಡರಿ ಓಡುತ್ತ ಬಂದ. ಅವಳು ಆಗಲೇ ವಾಯರ್ ಸುತ್ತಿಟ್ಟು, ಹೊಸ ಸೀರೆ ಉಟ್ಟು ಸಿದ್ಧಳಾಗಿದ್ದಳು.

"ಮಾಣಿಕಾ, ಈ ಸಲ ನಿನ್ನ ಸೆಟ್ ಬ್ಯಾಡ. ಅಲ್ಲಿ ಅವರದೇ ಅದ. ನೀ ಏನೂ ಮಾಡೋದು ಬ್ಯಾಡ, ನೀ..."

ಮುಂದಿನದು ಅವಳ ಕಿವಿಗೆ ಬೀಳಲಿಲ್ಲ. ಬ್ಯಾಡ... ಬೆಳೆದ ಮೇಲೆ ಹಳೆ ಪೆಟ್ಟಿಗೆ ಬೇಡ. ಪೆಟ್ಟಿಗೆಯವಳೂ ಬೇಡ!

"ಹೋಗಿ ಬರ್ರಿ," ಎಂದಳು. "ಬಸ್ ತಪ್ಪತದ."

ಆ 'ರಿ' ಕೇಳಿ ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಅವಳು ಬಾಗಿಲು ಎಳೆದುಕೊಂಡಿದ್ದಳು.

ಹೈದರಾಬಾದಿನಲ್ಲಿ 'ಗುಡುಗು' ಮಂದಿಯ ಮನ ಗೆದ್ದಿತೆಂದು ಪೇಪರಿನಲ್ಲಿ ಬಂತು. ಊರಿಗೆ ಮರಳಿದವನು ಅಂಗಡಿಗೆ ಬಂದಾಗೆಲ್ಲ ಮಾಣಿಕಮ್ಮನದು ಒಂದೇ ಮಾತು. "ಸೆಟ್ ಬುಕ್ ಆಗ್ಯದ್ರಿ." ಕಡೆಗೆ ಅವನು ಬರುವುದನ್ನೇ ಬಿಟ್ಟ. ಬ್ಯಾಂಡು ಬೇರೆ ಸೆಟ್ ಹಿಡಿಯಿತು. ಗೋದಾಮು ಖಾಲಿ ಬಿದ್ದಿತು. ಅವಳು ಮದುವೆ ಮನೆಗಳಿಗೆ ಸನಾದಿ ರೆಕಾರ್ಡು ಹಚ್ಚುತ್ತ ದಿನ ದೂಡಿದಳು. ಯಾವುದಾದರೂ ಅಂಗಡಿ ಮುಂದೆ ಯಾರಾದರೂ ಆ ಹಾದಿಯ ಹಾಡು ಗುನುಗಿದರೆ ಬೇರೆ ಓಣಿ ಹಿಡಿಯುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅಜೀಮುದ್ದೀನ್ ಬಂದ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬ್ಯಾಡ್ರಿ. ಹೈದರಾಬಾದಿಗಿ ಯಾಕ ಬರಲಿಲ್ಲ?"

"ಬ್ಯಾಡ ಅಂದವರು ಯಾರು?"

"ಸೆಟ್ ಬ್ಯಾಡ ಅಂದಾನ. ನಿಮಗ ಬ್ಯಾಡ ಅಂದಾನೇನು?" ಅವನು ತಲೆ ಚಚ್ಚಿಕೊಂಡ. "ಮೊದಲನೇ ಸಾಲಿನಾಗ ನಿಮ್ಮ ಸಲುವಾಗಿ ಕುರ್ಚಿ ಹಿಡಿದು, ತನ್ನ ಅಪ್ಪನ ಕಂಬಳಿ ಹಾಸಿದ್ದ! ದೊಡ್ಡ ಸಾಹೇಬರು ಕೂಡಾಕ ಬಂದ್ರ, ಸ್ಟೇಜ್ ಮ್ಯಾಲಿಂದ ಇಳಿದು ಬಂದು ಎಬ್ಬಿಸ್ಯಾನ. ಎಲ್ಲಾರೂ ನಕ್ಕರು. ಕೊನಿತನಕ ಆ ಕಂಬಳಿಗೇ ನೋಡಿ ಹಾಡ್ಯಾನ, ಅಕ್ಕಾ."

ಮಾಣಿಕಮ್ಮನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಯ್ಯೋ, ಎಂಥ ಹುಚ್ಚಿ ನಾನು! ಅಂಗಡಿ ಮುಚ್ಚಿ, ದುಬಲಗುಂಡಿ ಬಸ್ಸು ಹತ್ತಿದಳು.

ಊರಾಚೆಯ ಬೇವಿನ ಮರದ ಕೆಳಗೆ ಅವನಿದ್ದ. ಸುತ್ತ ಕುರಿಗಳು. ಅವಳನ್ನು ಕಂಡು ತಟ್ಟನೆ ಎದ್ದ.

"ಪೂರಾ ಮಾತು ಹೇಳಾಕ ನಿನಗ ಏನಾಗಿತ್ತು?" ಅವಳ ದನಿ ಒಡೆಯಿತು.

"ನೀ 'ಹೋಗಿ ಬರ್ರಿ' ಅಂದಿ. ಪರಕೀ ಮಂದಿಗಿ ಅಂದಂಗ... ಬಾಯಿ ಕಟ್ಟಿ ಹೋಯ್ತು."

"ಕುರ್ಚಿ ಯಾಕ ಹಿಡಿದಿ?"

ಪಂಡರಿ ಕೋಲಿನಿಂದ ನೆಲ ಕೆರೆದ. "ನೀ ಯಾವಾಗ್ಲೂ ಹಿಂದ ಕೂಡ್ತಿ. ನಾ ಹಾಡುವಾಗ ನಿನ್ನ ಮುಖ ಹ್ಯಾಂಗ ಇರ್ತದ, ನನಗ ಗೊತ್ತೇ ಇಲ್ಲ. ಅದೊಂದು ನೋಡಬೇಕಾಗಿತ್ತು. ನೋಡಿ, ನಿನಗೊಂದು ಮಾತು ಕೇಳಬೇಕಾಗಿತ್ತು."

"ಈಗ ಕೇಳು."

"ಮದುವಿ ಆಗ್ತಿಯೇನು ನನಗ?"

ಅವಳು ಕಣ್ಣೀರನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಮನ್ಯಾಗ ಜಾತಿ ಮಾತು ಬರ್ತದ, ಪಂಡರಿ. ಅಪ್ಪ ಸಿಟ್ಟಾಗ್ತಾರ."

"ಬರ್ತದ. ಇಬ್ಬರೂ ಕೂಡಿ ಅವರ ಮುಂದ ಕೂಡೋಣು. ಅವರು ಬೈದದ್ದೆಲ್ಲ ಕೇಳೋಣು. ಒಪ್ಪೋತನಕ ದಿನಾ ಬರ್ತೀನಿ."

ಅವಳು ಅಲ್ಲೇ ಕಲ್ಲಿನ ಮೇಲೆ, ಅವನ ಎದುರಿಗೆ, ಕುಳಿತಳು.

"ಹಂಗಾದ್ರ ಹಾಡು."

"ಹಿಂಗಾ? ಗಿಟಾರ್ ಇಲ್ಲ, ಮೈಕ್ ಇಲ್ಲ..."

"ನನಗ ಕೇಳಿದ್ರ ಸಾಲದೇನು?"

ಅವನು ಹಾಡಿದ, ಮೆಲ್ಲಗೆ. ಅವಳು ಕಣ್ಣು ತೆಗೆಯದೆ ನೋಡಿದಳು.

"ಹ್ಯಾಂಗಾಯ್ತು?" ಅಂಜುತ್ತ ಕೇಳಿದ.

"ಎರಡನೇ ಸಾಲು ಜರ ತಪ್ಪಿತು."

"ನಿನ್ನ ಮುಖ ನೋಡಾಕತ್ತಿದ್ದೆ."

"ಹಂಗಾದ್ರ ತಪ್ಪಲಿ ಬಿಡು," ಎಂದಳು ಮಾಣಿಕಮ್ಮ, "ಮತ್ತೊಮ್ಮೆ ಹಾಡು."