ಸೀನಿಯರ್ ಕೊಟ್ಟ ಪಿಡಿಎಫ್

ಆ ಹುಡುಗಿಗೆ ನೆಟ್‌ನಲ್ಲಿ ಹುಡುಕಲು ಬರುತ್ತಿರಲಿಲ್ಲ. ಫಿಸಿಯೋಥೆರಪಿಯ ಕೊನೆಯ ವರ್ಷ. ಮಂಡಿಯ ಸುತ್ತಲಿನ ಸ್ನಾಯುಗಳ ಹೆಸರನ್ನು ನಿದ್ದೆಯಲ್ಲಿ ಕೇಳಿದರೂ ಹೇಳಿಯಾಳು. ಆದರೆ ಓದಬೇಕಾದ ಲೇಖನ ಮಾತ್ರ ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿನಿಂದಲೇ ಬರಬೇಕು.

ಒಂದು ದಿನ ಲೈಬ್ರರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ಅವಳ ಹಿಂದೆ ನಿಂತು ನಕ್ಕುಬಿಟ್ಟ.

"ಗೂಗಲ್‌ಗೆ ಪತ್ರ ಬರೀತಿದೀರಾ? ಕೊನೇಲಿ ಪ್ಲೀಸ್ ಬೇರೆ!"

"ಮರ್ಯಾದೆಯಿಂದ ಕೇಳಿದ್ರೆ ಬೇಗ ಕೊಡುತ್ತೇನೋ ಅಂತ, ಸರ್."

"ಸ್ವಲ್ಪ ಜರುಗಿ."

ಅವನು ಹುಡುಕುವುದನ್ನು ಕಲಿಸಿದ ಮೂರು ವಾರವೂ ಅವಳು ಹಾಗೆ ಜರುಗಿ ಕೂತಳು. ಅವನ ಹೆಬ್ಬೆರಳಿಗೆ ಅಂಟಿದ ತಾರೀಖಿನ ಸೀಲಿನ ನೇರಳೆ ಮಸಿಯನ್ನು ನೋಡುತ್ತಿದ್ದಳೇ ಹೊರತು ಪರದೆಯನ್ನಲ್ಲ. "ಅಲ್ಲಿ ನೋಡಿ" ಎನ್ನುವಾಗ ಅವನೂ ಅಲ್ಲಿ ನೋಡುತ್ತಿರಲಿಲ್ಲ.

ಪ್ರಬಂಧ ಒಪ್ಪಿಸಲು ಎರಡೇ ದಿನ ಉಳಿದಿತ್ತು. ಉಲ್ಲೇಖಗಳ ಪಟ್ಟಿಯನ್ನು ಸರಿಯಿದೆಯೇ ನೋಡುತ್ತೇನೆಂದು ಒಯ್ದಿದ್ದವನು ಮುಖ ಸಪ್ಪೆ ಮಾಡಿಕೊಂಡು ಬಂದ. ಅವಳ ಇಡೀ ಪ್ರಬಂಧ ಆಧರಿಸಿದ್ದ, ಮಂಡಿನೋವಿನ ವ್ಯಾಯಾಮದ ಬಗೆಗಿನ ಲೇಖನವನ್ನು, ಅಂಕಿಅಂಶ ತಪ್ಪಿದೆಯೆಂದು, ಬರೆದವರೇ ಹಿಂಪಡೆದು ವರ್ಷವಾಗಿತ್ತು. ಜರ್ನಲ್‌ನ ಸೈಟಿನಲ್ಲಿ ಪುಟಪುಟಕ್ಕೂ ಕೆಂಪಕ್ಷರದಲ್ಲಿ ಹಾಗೆಂದು ಬರೆದಿತ್ತು. ಗ್ರೂಪಿನಲ್ಲಿ ಓಡಾಡುತ್ತಿದ್ದ ಪಿಡಿಎಫ್ ಅದಕ್ಕೂ ಮೊದಲಿನದು.

"ಗೈಡ್‌ಗೇ ಗೊತ್ತಾಗಿಲ್ಲ. ಇನ್ಯಾರು ನೋಡ್ತಾರೆ?" ಅವಳು ಪಟ್ಟಿಯನ್ನು ಮಗುಚಿಟ್ಟಳು.

"ಯಾರೂ ನೋಡಲ್ಲ. ಆದ್ರೆ ನಾಳೆ ಆ ವ್ಯಾಯಾಮನ ಯಾರದೋ ಮಂಡಿಗೆ ಮಾಡಿಸೋರು ನೀವೇ ಅಲ್ವಾ?"

ಅವನು ಪಕ್ಕದ ಕುರ್ಚಿಯಲ್ಲಿ ಕೂತ.

"ಇನ್ನೊಂದು ಮಾತು. ಒಪ್ಪಿಸಿಬಿಟ್ರೆ ನೀವು ಊರಿಗೆ ಹೊರಡ್ತೀರಿ. ಇದನ್ನ ಗೈಡ್‌ಗೆ ಹೇಳಿದ್ರೆ ಮತ್ತೆ ಮೊದಲಿಂದ ಬರೀಬೇಕು, ಇನ್ನೂ ಆರು ತಿಂಗಳು ಇಲ್ಲೇ. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಾ, ನನ್ನ ಸ್ವಾರ್ಥಕ್ಕಾ? ಬೆಳಗ್ಗೆಯಿಂದ ನನಗೇ ಅನುಮಾನ."

ಅವಳು ಮೌಸ್ ಎಳೆದುಕೊಂಡು ಜರ್ನಲ್‌ನ ಸೈಟನ್ನು ತಾನೇ ತೆರೆದಳು. ಕೆಂಪಕ್ಷರವನ್ನು ಎರಡು ಸಲ ಓದಿದಳು. ಆಮೇಲೆ ಅತ್ತಳು. ಅವನು ಕರ್ಚೀಫು ಮುಂದೆ ಹಿಡಿದ.

"ಒಗೆದಿದ್ದಾ?"

"ಒಗೆದಿದ್ದೇ, ಮಾರಾಯ್ತಿ."

ಅವಳು ಮೂಗು ಒರೆಸಿಕೊಂಡಳು. "ಸ್ವಾರ್ಥ ಇದ್ರೆ ಇರ್ಲಿ ಬಿಡಿ. ನನಗೂ ಇದೆ."

ಅವನ ಕಿವಿ ಕೆಂಪಾಯಿತು. ಅವಳು ಎದ್ದು ಬ್ಯಾಗನ್ನು ಹೆಗಲಿಗೇರಿಸಿದಳು.

"ಈಗ ಗೈಡ್ ಹತ್ರ ಹೋಗ್ಬೇಕು. ಬಾಗಿಲವರೆಗೂ ಬರ್ತೀರಾ?"

"ಒಳಗೂ ಬರ್ತೀನಿ."

ಅವಳ ಪಾಲಿಗೆ ಹೋದದ್ದು ಇಷ್ಟು: ನಲವತ್ತೊಂದು ಪುಟ, ಆರು ತಿಂಗಳು, ಗೆಳತಿಯರ ಜೊತೆ ನಿಲ್ಲಬೇಕಿದ್ದ ಒಂದು ಘಟಿಕೋತ್ಸವ.