ಬೊಳ್ಳುವಿನ ಕುಂಟು ಕಾಲು

ದೇವದಾಸ್ ಮೊದಲ ದಿನವೇ ನನಗೆ ಬೈದರು. ಮುದಿ ನಾಯಿಗೆ ಕೀಲುನೋವೆಂದು ಮೂಲೆಯಲ್ಲಿ ಮಲಗಿಸಿ, ಬಂಗುಡೆ ಮೀನು ತಿನ್ನಿಸಿ ದಪ್ಪ ಮಾಡಿದ್ದೇನಂತೆ. ಕದ್ರಿ ಕಡೆಯ ಜಾನುವಾರು ಆಸ್ಪತ್ರೆಯ ಕಂಪೌಂಡರಿಗೆ ಬೆಂಗ್ರೆಯ ಈ ಕುಮುದಿನಿಗೆ ಬುದ್ಧಿ ಹೇಳುವ ಧೈರ್ಯ! ಮೈಯೆಲ್ಲ ಉರಿಯಿತು. ಆದರೆ ಬೊಳ್ಳು ಏಳಲಾರದೆ ನನ್ನ ಮುಖವನ್ನೇ ನೋಡುತ್ತಿತ್ತು, ಏನು ಮಾಡಬೇಕು ಹೇಳಿ ಎಂದೆ.

ಮರುದಿನದಿಂದ ಅವರು ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬರತೊಡಗಿದರು. ಹೊಳೆಯ ಬದಿಯಲ್ಲಿ, ಬೊಳ್ಳುವಿನ ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ, ನಿಧಾನ ನಡಿಗೆ. ಮೈಭಾರವನ್ನು ನೀರು ಹೊರುತ್ತದೆ, ಕಾಲಿಗೆ ನೋವಿಲ್ಲದೆ ಬಲ ಬರುತ್ತದೆ ಎಂದರು. ಓಡಿಸಬಾರದು, ಹಾರಿಸಬಾರದು. ಆಮೇಲೆ ಒರೆಸಿ, ಬಿಸಿ ಬಟ್ಟೆಯ ಶಾಖ. ಒಂದು ಕಡೆ ಅವರು, ಇನ್ನೊಂದು ಕಡೆ ನಾನು, ನಡುವೆ ಬೊಳ್ಳು. ಸೀರೆಯ ಅಂಚು ಒದ್ದೆಯಾದರೆ ಅವರ ಕಣ್ಣು ಅಲ್ಲಿಗೆ ಬಂದು, ತಟ್ಟನೆ ಹೊಳೆಯ ಆಚೆ ದಡಕ್ಕೆ ಹೋಗುತ್ತಿತ್ತು.

ಕೇರಿಗೆಲ್ಲ ಅವರು ದೇವದಾಸಣ್ಣ. ನೀನೂ ಮರ್ಯಾದೆಯಿಂದ ಅಣ್ಣ ಅನ್ನು ಎಂದು ಅಮ್ಮ ಗದರಿಸಿದರು. ನಾನು ಮಾತ್ರ "ಓ ಇವರೇ" ಎಂದೇ ಕರೆದೆ.

ಬೊಳ್ಳು ಚೇತರಿಸಿತು. ಕುಂಟುವುದು ನಿಂತರೆ ಇನ್ನು ಬರಬೇಕೆಂದಿಲ್ಲ ಎಂದರು ಇವರು. ಇವರಿಲ್ಲದ ಬೆಳಗು ನನಗೆ ಬೇಡವಾಗಿತ್ತು. ಹಾಗಾಗಿ, ನೀವು ಹೋದ ಮೇಲೆ ಕುಂಟುತ್ತದೆ ಎಂದು ದಿನಾ ಸುಳ್ಳು ಹೇಳಿದೆ.

ಒಂದು ಬೆಳಿಗ್ಗೆ ಕಡಲ ಬದಿಯಲ್ಲಿ ರಂಪಣಿ ಬಲೆ ಎಳೆಯುವವರ ಕೂಗು ಕೇಳಿತು. ಬೊಳ್ಳು ನಮ್ಮ ಕೈ ತಪ್ಪಿಸಿಕೊಂಡು ಓಡಿತು. ಬೆನ್ನಟ್ಟಿ ಹೋಗಿ ನೋಡಿದರೆ, ಪ್ರಾಯದ ಕಾಲದಂತೆ ಬಲೆಯ ಹಗ್ಗ ಕಚ್ಚಿ ಎಳೆಯುತ್ತಿದೆ!

ದೇವದಾಸ್ ಅದರ ಕೀಲುಗಳನ್ನು ಮುಟ್ಟಿ ನೋಡಿ, ನನ್ನತ್ತ ತಿರುಗಿದರು.

"ಕುಂಟುವ ನಾಯಿ ಇದುವೇಯಾ?"

ನಾಚಿಕೆಗಿಂತ ಅಳು ಹೆಚ್ಚು ಬಂತು. ನಾಳೆಯಿಂದ ಇವರು ಬರುವುದಿಲ್ಲ.

"ಊರಿಡೀ ನನ್ನನ್ನು ಅಣ್ಣ ಅಂತ ಕರೀತದೆ. ನೀವೊಬ್ಬರು ಯಾಕೆ ಕರೆಯುವುದಿಲ್ಲ?"

"ಅಣ್ಣ ಅಂತ ಕರೆದ ಮೇಲೆ ಮದುವೆ ಆಗ್ಲಿಕ್ಕೆ ಉಂಟಾ ಮಾರಾಯ್ರೆ?"

ಅವರ ಕಿವಿ ಕೆಂಪಾಯಿತು. ಚಪ್ಪಲಿ ಬಿಟ್ಟು, ನನ್ನ ಪಕ್ಕದಲ್ಲೇ ಹಗ್ಗ ಹಿಡಿದರು. ರಂಪಣಿ ಎಳೆದವರಿಗೆಲ್ಲ ಮೀನಿನ ಪಾಲು ಉಂಟಷ್ಟೆ. ತಮ್ಮ ಪಾಲನ್ನು ಮನೆಗೆ ತಂದು ಅಮ್ಮನ ಬುಟ್ಟಿಗೆ ಹಾಕಿದರು.

"ನಾಳೆ ನನ್ನ ಸೋದರಮಾವ ಬರ್ತಾರೆ, ಕುಮುದಿನಿಯನ್ನು ಕೇಳ್ಲಿಕ್ಕೆ."

ಅಮ್ಮ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಬರ್ಲಿ ಮಗಾ," ಎಂದರು. ಅವರೂ ಅಣ್ಣ ಅನ್ನಲಿಲ್ಲ.